ಎರೆಹುಳಕ್ಕೆ ನಾಲಿಗೆ ಇರುತ್ತಾ?

ಹೋದ ತಿಂಗಳು ಮೊದಲ ಜೋರು ಮಳೆ ಬಿದ್ದ ಮರುದಿನ ಭಾನುವಾರ. ಟೆರೇಸಿನ ಪಾಟುಗಳ ಮಣ್ಣು ಬದಲಾಯಿಸಬೇಕು ಅಂತ ಯುಗಾದಿಯಿಂದ ಮುಂದೂಡುತ್ತಾ ಬಂದಿದ್ದೆ. ಅವತ್ತು ಹೇಗೋ ನೈಟಿ ಸಿಕ್ಕಿಸಿಕೊಂಡು ಕೂತೆ. ನಮ್ಮದು ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಟೆರೇಸಿನಲ್ಲಿ ಪಾಟು ಇಡಲು ಬಿಟ್ಟಿರುವುದು ಓನರ್ ಆಂಟಿಯ ದೊಡ್ಡ ಮನಸ್ಸು. ಕೆಳಗೆ ನೀರು ಸೋರಿದರೆ ಆ ಮನಸ್ಸು ಚಿಕ್ಕದಾಗುತ್ತದೆ, ಅದು ಬೇರೆ ಮಾತು.

ದೊಡ್ಡಪತ್ರೆ ಪಾಟು ಬೋರಲು ಹಾಕಿ ತಳಕ್ಕೆ ಎರಡು ಬಡಿದೆ. ಬೇರು ಹೆಣೆದುಕೊಂಡಿದ್ದ ಮಣ್ಣಿನ ಮುದ್ದೆ ಇಡಿಯಾಗಿ ಹೊರಗೆ ಬಂತು. ಅದರ ಬದಿಯಿಂದ ಕಂದುಗಪ್ಪು ಬಣ್ಣದ ಒಂದು ಪ್ರಾಣಿ ಜಾರಿ ಸಿಮೆಂಟಿನ ಮೇಲೆ ಬಿತ್ತು. ಬಾಲ್‌ಪೆನ್ ರೀಫಿಲ್ಲಿನಷ್ಟು ದಪ್ಪ, ಮುಕ್ಕಾಲು ಗೇಣು ಉದ್ದ.

"ಎರೆಹುಳು. ಒಳ್ಳೇದೇ, ಇರಲಿ ಬಿಡಿ" ಅಂದೆ, ಬಹಳ ತಿಳಿದವಳ ಹಾಗೆ. ಯಾಕೆ ಅಂದ್ರೆ ನಾನು ಬಿ.ಎಸ್‌ಸಿ. ಓದುವಾಗ ಸಿ.ಬಿ.ಝಡ್. (ಕೆಮಿಸ್ಟ್ರಿ, ಬಾಟನಿ, ಝೂಆಲಜಿ) ತಗೊಂಡವಳು. ಎರೆಹುಳು ಕೊಯ್ದು ನರಮಂಡಲ ಬಿಡಿಸಿ ರೆಕಾರ್ಡಿನಲ್ಲಿ ಚಿತ್ರ ಬರೆದವಳು. ಅದಾಗಿ ಇಪ್ಪತ್ತೆರಡು ವರ್ಷ ಆಗಿದೆ, ಈಗ ಇನ್ಶೂರೆನ್ಸ್ ಕ್ಲೇಮ್ ಫೈಲು ನೋಡುವ ಕೆಲಸ, ಆದರೂ ಆ ಜಂಬ ಹೋಗಿಲ್ಲ.

ಮನೆಕೆಲಸಕ್ಕೆ ಬರುವ ಅಕ್ಕ ಬಟ್ಟೆ ಒಣಹಾಕುತ್ತಿದ್ದವಳು ಬಗ್ಗಿ ನೋಡಿದಳು. (ನಾನು ಅವಳನ್ನ ಅಕ್ಕ ಅಂತೀನಿ, ಅವಳು ನನ್ನನ್ನ ಅಕ್ಕ ಅಂತಾಳೆ. ಯಾರು ದೊಡ್ಡವರು ಅಂತ ಇಬ್ಬರೂ ಕೇಳಿಲ್ಲ.) ಒಂದು ನಿಮಿಷ ನೋಡಿ, "ಅಕ್ಕಾ, ಎರೆಹುಳಕ್ಕೆ ನಾಲಿಗೆ ಇರುತ್ತಾ?" ಅಂದಳು.

ಇರಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಕನ್ನಡಕ ಸರಿ ಮಾಡಿಕೊಂಡು ಕೂತಲ್ಲೇ ಬಗ್ಗಿದೆ. ಯಾವ ಕಡೆ ತಲೆ ಅಂತ ಹುಡುಕುವುದೇ ಕಷ್ಟ, ಎರಡೂ ತುದಿ ಮೊಂಡು. ಒಂದು ತುದಿಯಿಂದ ದಾರದ ಎಳೆಗಿಂತ ಸಣ್ಣದೊಂದು ಹೊರಗೆ ಬಂದು ಒಳಗೆ ಹೋಯಿತು. ಮತ್ತೆ ಬಂತು. ಮೈ ಲೋಳೆಲೋಳೆ ಇಲ್ಲ, ಒಣಗಿದೆ, ಎಣ್ಣೆ ಒರೆಸಿದ ಹಾಗೆ ಹೊಳೆಯುತ್ತಿದೆ. ಎರೆಹುಳು ಹಿಗ್ಗಿ ಕುಗ್ಗಿ ಮುಂದೆ ಹೋಗುತ್ತದೆ ಅಲ್ವಾ, ಇದು ಹಾಗಲ್ಲ, ಮೈಯನ್ನು ಎಡಕ್ಕೆ ಬಲಕ್ಕೆ ಬಳುಕಿಸಿಕೊಂಡು ಸರಸರ ಹೋಗುತ್ತಿದೆ. ತಲೆಯ ಎರಡೂ ಪಕ್ಕ ಚರ್ಮದ ಕೆಳಗೆ ಸಾಸಿವೆಗಿಂತ ಸಣ್ಣ ಎರಡು ಕಪ್ಪು ಚುಕ್ಕೆ. ಹಿಡಿದೆತ್ತಿದರೆ ಬಾಲದ ತುದಿಯಿಂದ ಬೆರಳಿಗೆ ಚುಚ್ಚಿತು. ಚುಚ್ಚಿತು ಅನ್ನುವುದೂ ಜಾಸ್ತಿ ಆಯಿತು, ಸೀರೆಯ ಜರಿ ತಾಗಿದ ಹಾಗೆ.

ಹಾವು. ಪೂರ್ತಿ ಬೆಳೆದ ಹಾವು. ಸಿ.ಬಿ.ಝಡ್. ಸೋತಿತು, ಬಟ್ಟೆ ಕ್ಲಿಪ್ಪು ಬಾಯಲ್ಲಿ ಇಟ್ಟುಕೊಂಡಿದ್ದ ಅಕ್ಕ ಗೆದ್ದಳು.

ಅಷ್ಟರಲ್ಲಿ ಓನರ್ ಆಂಟಿ ಮೇಲೆ ಬಂದರು. "ಅಯ್ಯೋ, ಇದು ಮಲಗಿದಾಗ ಕಿವಿಯೊಳಗೆ ಹೋಗುತ್ತಂತೆ ಕಣಮ್ಮ, ಉಪ್ಪು ಹಾಕಿಬಿಡು" ಅಂದರು. ಫೋಟೋ ತೆಗೆದು ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಹತ್ತು ನಿಮಿಷದಲ್ಲಿ ಒಬ್ಬರು "ನಾಗರಹಾವಿನ ಮರಿ, ತಾಯಿ ಅಲ್ಲೇ ಎಲ್ಲೋ ಇರುತ್ತೆ" ಅಂದರು. ಇನ್ನೊಬ್ಬರು "ಎರಡು ತಲೆ ಹಾವು, ಮಾರಿದ್ರೆ ಲಕ್ಷಗಟ್ಟಲೆ" ಅಂದರು. ಎರಡು ತಲೆ ಹಾವು ಅಂತ ಜನ ಕರೆಯುವುದು ಮಣ್ಣುಮುಕ್ಕ ಹಾವನ್ನು, ಅದಕ್ಕೂ ಇರುವುದು ಒಂದೇ ತಲೆ, ಬಾಲ ಮೊಂಡಾಗಿದೆ ಅಷ್ಟೇ. ಅದನ್ನು ಹಿಡಿದು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಲಕ್ಷ ಬರುವುದಿಲ್ಲ, ಪೊಲೀಸರು ಬರುತ್ತಾರೆ.

ನಮ್ಮ ಪಾಟಿನದು ಕುರುಡು ಹಾವು. ಹುಳುಹಾವು ಅಂತಲೂ ಅನ್ನುತ್ತಾರೆ. ವಿಷ ಇಲ್ಲ, ಕಚ್ಚಬೇಕು ಅಂದರೂ ನಮ್ಮ ಬೆರಳು ಅದರ ಬಾಯಿಗೆ ಹಿಡಿಸುವುದಿಲ್ಲ. ಇರುವೆ, ಗೆದ್ದಲಿನ ಮೊಟ್ಟೆ ಮತ್ತು ಮರಿ ತಿಂದು ಬದುಕುತ್ತದೆ. ಕಣ್ಣಿನ ಮೇಲೆ ಹುರುಪೆ ಮುಚ್ಚಿಕೊಂಡಿದೆ, ಬೆಳಕೋ ಕತ್ತಲೋ ಅಷ್ಟು ತಿಳಿದೀತು.

ಒಂದು ಸಂಗತಿ ಮಾತ್ರ ಆಂಟಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಈ ಹಾವಿನಲ್ಲಿ ಗಂಡೇ ಇಲ್ಲ. ಇರುವುದೆಲ್ಲ ಹೆಣ್ಣು. ಗಂಡಿನ ಹಂಗಿಲ್ಲದೆ ಅನ್ನದ ಅಗುಳಿನಂಥ ನಾಲ್ಕಾರು ಮೊಟ್ಟೆ ಇಡುತ್ತದೆ, ಅದರಿಂದ ಬರುವುದೂ ಹೆಣ್ಣೇ, ತಾಯಿಯ ಪಡಿಯಚ್ಚು. ನಮಗೆ ಕ್ರೋಮೋಸೋಮಿನ ಎರಡು ಸೆಟ್ ಇದ್ದರೆ ಇದಕ್ಕೆ ಮೂರು. ಹೀಗೆ ಸಂತಾನ ನಡೆಸುವ ಹಾವಿನ ಜಾತಿ ಗೊತ್ತಿರುವ ಮಟ್ಟಿಗೆ ಇದೊಂದೇ. ಹಾಗಾಗಿ ಒಂದೇ ಒಂದು ಹಾವು ಒಂದು ಪಾಟಿನ ಮಣ್ಣಿನಲ್ಲಿ ಕೂತು ಹಡಗು ಹತ್ತಿದರೂ ಸಾಕು, ಇಳಿದ ಊರಿನಲ್ಲಿ ವಂಶ ಶುರು. ನಮ್ಮ ಕಡೆಯ ಈ ಹಾವು ಅಂಟಾರ್ಕ್ಟಿಕಾ ಬಿಟ್ಟು ಎಲ್ಲಾ ಖಂಡಗಳಿಗೂ ಹೀಗೇ ಹೋಗಿದೆ. ಹವಾಯಿ ದ್ವೀಪಗಳಲ್ಲಿ ನೆಲದ ಮೇಲೆ ನೆಲೆಯೂರಿರುವ ಹಾವು ಅಂದರೆ ಇದೇ. ಇಂಗ್ಲಿಷಿನವರು ಇದನ್ನು ಹೂಕುಂಡದ ಹಾವು ಅಂತಲೇ ಕರೆಯುತ್ತಾರೆ.

"ಗಂಡೇ ಬೇಡ್ವಾ?" ಅಂದರು ಆಂಟಿ. ಕೆಳಗೆ ಅಂಕಲ್ ಟಿವಿ ನೋಡುತ್ತಿದ್ದ ಸದ್ದು ಕೇಳುತ್ತಿತ್ತು. ಆಮೇಲೆ ಅವರು ಹಾವಿಗೆ ಉಪ್ಪು ಹಾಕುವ ಮಾತು ಆಡಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆದರಿ ಅಲ್ಲ, ಅವಮಾನಕ್ಕೆ. ಹುಳುವನ್ನೂ ಹಾವನ್ನೂ ಬೇರೆ ಮಾಡಲಾಗದ ಪದವಿ ಯಾತಕ್ಕೆ ಅಂತ. ಹಳೇ ನೋಟ್ಸ್ ಎಲ್ಲಾ ರದ್ದಿಗೆ ಹೋಗಿದೆ, ಮೊಬೈಲಿನಲ್ಲೇ ಓದುತ್ತಾ ಕೂತೆ. ಓದಿದಷ್ಟೂ ಸಮಾಧಾನ ಆಯಿತು. ಈ ತಪ್ಪನ್ನು ನನಗಿಂತ ಬಹಳ ದೊಡ್ಡವರು ಮಾಡಿದ್ದಾರೆ.

1803ರಲ್ಲಿ ಫ್ರಾನ್ಸಿನ ಡೋಡ್ಯಾಂ ಎಂಬಾತ ನನ್ನ ಪಾಟಿನ ಹಾವಿಗೆ ಮೊದಲ ಸಲ ಶಾಸ್ತ್ರೀಯ ಹೆಸರು ಕೊಟ್ಟಾಗ ಅದನ್ನು ಸೇರಿಸಿದ್ದು ಮಣ್ಣುಮುಕ್ಕ ಹಾವುಗಳ ಗುಂಪಿಗೆ. ಅಂದರೆ ನಮ್ಮ ವಾಟ್ಸಾಪ್ ಗ್ರೂಪಿನವರ ಮಾತು ಇನ್ನೂರು ವರ್ಷ ಹಳೆಯದು. ಆಮೇಲೆ ಗುಂಪು ಬದಲಾಯಿತು, ಮತ್ತೆ ಬದಲಾಯಿತು, 2014ರಲ್ಲಿ ಮತ್ತೊಮ್ಮೆ ಬದಲಾಗಿ ಈಗ ಇಂಡೋಟಿಫ್ಲಾಪ್ಸ್ ಬ್ರಾಮಿನಸ್ ಅಂತ ನಿಂತಿದೆ. ಬಾಡಿಗೆ ಮನೆ ಬದಲಾಯಿಸಿದ ಹಾಗೆ.

ಅದಕ್ಕೂ ಮೊದಲು, 1758ರಲ್ಲಿ, ಸ್ವೀಡನ್ನಿನ ಲಿನೇಯಸ್. ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ಗಟ್ಟಿ ಮಾಡಿದವನು. ತಿಮಿಂಗಿಲ ಮೀನಲ್ಲ, ಹಾಲು ಕುಡಿಸುವ ಪ್ರಾಣಿ ಅಂತ ಅದನ್ನು ಮೀನುಗಳ ಗುಂಪಿನಿಂದ ಆಚೆ ತಂದಿದ್ದೂ ಅದೇ ವರ್ಷದ ಪುಸ್ತಕದಲ್ಲಿ. ಅಷ್ಟು ಚುರುಕು ಮನುಷ್ಯ ಕಪ್ಪೆ, ಹಲ್ಲಿ, ಹಾವು, ಆಮೆ, ಮೊಸಳೆ ಎಲ್ಲವನ್ನೂ ಉಭಯವಾಸಿ ಅಂತ ಒಂದೇ ಚೀಲಕ್ಕೆ ತುಂಬಿದ. ಶಾರ್ಕು ಮತ್ತು ತೊರಕೆ ಮೀನನ್ನೂ ಅದಕ್ಕೇ ತುರುಕಿದ. ಈ ಇಡೀ ಬಳಗದ ಬಗ್ಗೆ ಅವನಿಗೆ ಎಷ್ಟು ಹೇಸಿಗೆ ಅಂದರೆ, ತಣ್ಣನೆ ಮೈ, ಕೊಳಕು ಚರ್ಮ, ಕೆಟ್ಟ ವಾಸನೆ, ಒರಟು ದನಿ ಅಂತ ಪಟ್ಟಿ ಮಾಡಿ, ಅದಕ್ಕೇ ದೇವರು ಇವುಗಳನ್ನು ಜಾಸ್ತಿ ಸೃಷ್ಟಿ ಮಾಡಲಿಲ್ಲ ಅಂತ ಬರೆದುಬಿಟ್ಟ. ಮಲೆನಾಡಿಗೆ ಒಂದು ಮಳೆಗಾಲ ಬಂದಿದ್ದರೆ ಆ ಮಾತು ವಾಪಸ್ ತಗೋತಿದ್ದ.

ಆ ಚೀಲದೊಳಗೆ ಅವನು ಹಾವುಗಳು ಅಂತ ಇನ್ನೊಂದು ಚಿಕ್ಕ ಚೀಲ ಮಾಡಿದ್ದ. ಅದರಲ್ಲಿ ನಿಜವಾದ ಹಾವುಗಳಿದ್ದವು. ಕಾಲು ಕಳೆದುಕೊಂಡ ಹಲ್ಲಿಗಳಿದ್ದವು. ಜೊತೆಗೆ ಸಿಸಿಲಿಯಾ ಅಂತ ಒಂದು ಪ್ರಾಣಿ ಇತ್ತು. ಲೆಕ್ಕ ಸರಳ: ಉದ್ದ ಇದೆ, ಕಾಲಿಲ್ಲ, ಹಾವು.

ಈ ಸಿಸಿಲಿಯಾ ಅಂದ ತಕ್ಷಣ ನನಗೆ ಅಮ್ಮ ನೆನಪಾದಳು. ನಮ್ಮದು ತೀರ್ಥಹಳ್ಳಿ ಕಡೆ. ಬೆಳಿಗ್ಗೆ ಫೋನ್ ಮಾಡಿ ಪಾಟಿನ ಹಾವಿನ ಕಥೆ ಹೇಳಿದೆ. "ಅಷ್ಟು ಸಣ್ಣದಾ? ನಮ್ಮ ತೋಟದಲ್ಲಿ ಬೇರೆ ಒಂದಿತ್ತಲ್ಲೇ. ಅಡಿಕೆ ಬುಡಕ್ಕೆ ಗೊಬ್ಬರ ಹಾಕುವಾಗ ಕೊಟ್ಟಿಗೆ ಹಿಂದಿನ ಒದ್ದೆ ಮಣ್ಣಲ್ಲಿ ಸಿಗ್ತಿತ್ತು. ಗೇಣಿಗಿಂತ ಉದ್ದ, ನೇರಳೆ ಬಣ್ಣ, ಬದಿಗೆ ಹಳದಿ ಪಟ್ಟಿ. ಮುಟ್ಟಿದ್ರೆ ಸೋಪಿನ ಹಂಗೆ ಜಾರ್ತದೆ. ನಿನ್ನಜ್ಜ ಹಾವು ಅಂತ ಹಾರೆಯಲ್ಲೇ ಹೊಡೀತಿದ್ರು" ಅಂದಳು.

ಅದು ಹಾವಲ್ಲ, ಹುಳುವೂ ಅಲ್ಲ. ಕಪ್ಪೆಯ ದೂರದ ನೆಂಟ. ಕಾಲಿಲ್ಲದ ಉಭಯವಾಸಿ. ನಮ್ಮ ಪಶ್ಚಿಮ ಘಟ್ಟದಲ್ಲಿ ಇಂಥವು ಹಲವಾರು ಜಾತಿ ಇವೆ, ಬೆಂಗಳೂರಿನಲ್ಲಿ ನೀವು ಹುಡುಕಬೇಡಿ. ಪ್ರಪಂಚದಲ್ಲಿ ಒಟ್ಟು ಇನ್ನೂರಕ್ಕೂ ಜಾಸ್ತಿ. ಮಣ್ಣಿನೊಳಗೇ ಜೀವನ ಕಳೆಯುವುದರಿಂದ ಎಷ್ಟೋ ಜನ ಪ್ರಾಣಿಶಾಸ್ತ್ರ ಓದಿದವರೂ ಒಂದನ್ನೂ ಕಂಡಿರುವುದಿಲ್ಲ, ನಾನೂ ಕಂಡಿಲ್ಲ, ಅಮ್ಮ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಹತ್ತಾರು ಕಂಡಿದ್ದಾಳೆ. ಕಣ್ಣಿಗೂ ಮೂಗಿಗೂ ನಡುವೆ ಒಂದು ಪುಟ್ಟ ಮೀಸೆಯಂಥದ್ದು ಇದೆ, ಅದನ್ನು ಹೊರಚಾಚಿ ಮಣ್ಣಿನ ವಾಸನೆ ಹಿಡಿಯುತ್ತದೆ. ಬೇರೆ ಯಾವ ಬೆನ್ನೆಲುಬಿನ ಪ್ರಾಣಿಗೂ ಅದು ಇಲ್ಲ. ಅಮ್ಮ ಹೇಳಿದ ಹಳದಿ ಪಟ್ಟಿಯವು ಇಕ್ತಿಯೋಫಿಸ್ ಅನ್ನುವ ಕುಲದವು. ತಾಯಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿಕೊಂಡು ಕಾಯುತ್ತದೆ. ಅಜ್ಜ ಹಾರೆ ಎತ್ತಿದಾಗ ಎಷ್ಟು ಸಲ ಅದು ಹಾಗೆ ಸುತ್ತಿಕೊಂಡಿತ್ತೋ.

ಆ ಹೆಸರನ್ನು ಬಿಡಿಸಿದರೆ ಇನ್ನೂ ಮಜಾ. ಗ್ರೀಕಿನಲ್ಲಿ ಇಕ್ತಿಸ್ ಅಂದರೆ ಮೀನು, ಓಫಿಸ್ ಅಂದರೆ ಹಾವು. ಮೀನುಹಾವು! ಪ್ರಾಣಿ ನೋಡಿದರೆ ಮೀನೂ ಅಲ್ಲ, ಹಾವೂ ಅಲ್ಲ. ಸಿಸಿಲಿಯಾ ಅಂದರೆ ಲ್ಯಾಟಿನ್‌ನಲ್ಲಿ ಕುರುಡು, ನನ್ನ ಪಾಟಿನ ಹಾವಿನ ಹೆಸರಿನಲ್ಲಿರುವ ಟಿಫ್ಲಾಪ್ಸ್‌ಗೂ ಗ್ರೀಕಿನಲ್ಲಿ ಹೆಚ್ಚುಕಮ್ಮಿ ಅದೇ ಅರ್ಥ. ಹೆಸರಿಟ್ಟವರಿಗೇ ತಲೆ ಕೆಟ್ಟಿತ್ತು ಅಂತ ಕಾಣುತ್ತದೆ.

ಹಾಗಾದರೆ ಹಾವು ಬೇರೆ, ಇದು ಬೇರೆ ಅನ್ನುವುದು ಹೇಗೆ? ಚರ್ಮ ನೋಡಿ. ಉಭಯವಾಸಿಯ ಚರ್ಮ ತೇವ, ಅದರ ಮೂಲಕವೂ ಉಸಿರಾಟ ನಡೆಯುತ್ತದೆ, ಒಣಗಿದರೆ ಪ್ರಾಣಿ ಸತ್ತ ಹಾಗೆ. ಹಾವಿನ ಚರ್ಮ ಒಣ, ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ ಅದರ ಹುರುಪೆಯಲ್ಲಿರುವುದು, ನೀರು ಒಳಗಿಂದ ಹೊರಗೆ ಹೋಗಲು ಬಿಡುವುದಿಲ್ಲ. ಅದಕ್ಕೇ ಪಾಟಿನಿಂದ ಬಿದ್ದ ಹಾವು ಬಿಸಿಲು ಬಿದ್ದ ಸಿಮೆಂಟಿನ ಮೇಲೂ ಅಷ್ಟು ಹೊತ್ತು ಆರಾಮವಾಗಿತ್ತು.

ಆದರೆ ಅಸಲಿ ಗೆರೆ ಇರುವುದು ಮೊಟ್ಟೆಯಲ್ಲಿ. ಕಪ್ಪೆಯ ಬಳಗದವರ ಮೊಟ್ಟೆಗೆ ಚಿಪ್ಪಿಲ್ಲ, ಸಬ್ಬಕ್ಕಿ ಪಾಯಸದ ಕಾಳಿನ ಹಾಗೆ ಲೋಳೆಯೊಳಗೆ ಒಂದು ಚುಕ್ಕಿ. ನೀರಿನಲ್ಲೋ ತೇವದಲ್ಲೋ ಇಡಬೇಕು. ಇದಕ್ಕಾಗಿ ಅವು ಪಡುವ ಪಾಡು ನೋಡಬೇಕು. ಉತ್ತರ ಕನ್ನಡದ ಕತ್ತಲೆಕಾನಿನ ಕಡೆ ಕುಂಬಾರ ಕಪ್ಪೆ ಅಂತ ಒಂದಿದೆ, 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದನ್ನು ಹೊಸ ಜಾತಿ ಅಂತ ವರದಿ ಮಾಡಿದರು. ಹೆಣ್ಣು ಮೊಟ್ಟೆ ಇಟ್ಟು ಹೋದಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಎರಡೂ ಕೈಯಲ್ಲಿ ಹಳ್ಳದ ಕೆಸರು ತಂದು ಮೊಟ್ಟೆಗೆ ಮೆತ್ತುತ್ತದೆ. ಮಡಕೆ ತಟ್ಟಿದ ಹಾಗೆ. ಹೆಸರು ಎಷ್ಟು ಚೆನ್ನಾಗಿ ಕೂತಿದೆ ನೋಡಿ, ಗ್ರೀಕಿಗೆ ಹೋಗುವ ಅಗತ್ಯವೇ ಬೀಳಲಿಲ್ಲ.

ಸರೀಸೃಪಗಳು ಆ ತಾಪತ್ರಯ ಕಳೆದುಕೊಂಡವು. ಮೊಟ್ಟೆಗೆ ಹೊರಗೆ ಚಿಪ್ಪು, ಒಳಗೆ ಪೊರೆ, ಆ ಪೊರೆಯೊಳಗೆ ನೀರು, ನೀರಿನಲ್ಲಿ ಮರಿ. ಕೆರೆಯನ್ನೇ ಮೊಟ್ಟೆಯೊಳಗೆ ಕಟ್ಟಿಕೊಂಡ ಹಾಗೆ. ಗೊದಮೊಟ್ಟೆಯಾಗಿ ಈಜುವ ಘಟ್ಟ ಇಲ್ಲ, ಹೊರಗೆ ಬಂದಾಗಲೇ ಪುಟ್ಟ ಹಾವು, ಪುಟ್ಟ ಹಲ್ಲಿ. ನಮ್ಮ ಟೆರೇಸಿನಂಥ ಒಣ ಜಾಗದಲ್ಲಿ, ಕೆರೆ ಬಾವಿ ಏನೂ ಇಲ್ಲದ ಕಡೆ, ಒಂದು ಪಾಟಿನೊಳಗೆ ಹಾವು ಸಂಸಾರ ಹೂಡುವುದು ಆ ಮೊಟ್ಟೆಯಿಂದ.

ಮೀನನ್ನೂ ಬಿಡಬಾರದು ಅಲ್ವಾ. ಊರಿನಲ್ಲಿ ತುಂಗೆಯ ಮೀನು ತಂದಾಗ ಕೆಲವು ಸಲ ಹಾವುಮೀನು ಇರುತ್ತಿತ್ತು. ಬೆನ್ನ ಮೇಲೆ ಮುಳ್ಳಿನ ಸಾಲು ಇರುವುದು. ಅಜ್ಜಿ ಅದನ್ನು ಅಡುಗೆಮನೆಯೊಳಗೇ ಬಿಡುತ್ತಿರಲಿಲ್ಲ, ಹಾವಿನ ಹಂಗಿದೆ ಅಂತ. ಇಲ್ಲೂ ಅದೇ ಮೋಸ. ಮುಳ್ಳಿರುವ ಈ ಹಾವುಮೀನಿಗೂ, ಹೊಳೆಯಿಂದ ಸಮುದ್ರಕ್ಕೆ ಹೋಗಿ ಮೊಟ್ಟೆ ಇಡುವ ಅಸಲಿ ಈಲ್ ಮೀನಿಗೂ ಹತ್ತಿರದ ಸಂಬಂಧ ಇಲ್ಲ. ಅಮೆಜಾನಿನ ಕರೆಂಟು ಹೊಡೆಯುವ ಈಲ್ ಇದೆಯಲ್ಲ, ಅದೂ ಈಲ್ ಅಲ್ಲ, ಕ್ಯಾಟ್‌ಫಿಶ್ ಕಡೆಯ ನೆಂಟ. ಅಂದರೆ ಮೀನಿನ ಬಳಗವೊಂದರಲ್ಲೇ ಈ ಹಾವಿನ ರೂಪ ಬೇರೆಬೇರೆ ಕವಲಿನಲ್ಲಿ ಬೇರೆಬೇರೆಯಾಗಿ ಬಂದಿದೆ.

ಅಸಲಿ ಈಲ್ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಅದಕ್ಕೆ ಮೊಟ್ಟೆಯಾಗಲಿ ಬೀಜವಾಗಲಿ ಯಾರಿಗೂ ಕಂಡಿರಲಿಲ್ಲ, ಕೆಸರಿನಿಂದಲೇ ಹುಟ್ಟುತ್ತದೆ ಅಂತ ಅರಿಸ್ಟಾಟಲ್ ನಂಬಿದ್ದ. 1876ರಲ್ಲಿ ಒಬ್ಬ ಇಪ್ಪತ್ತು ವರ್ಷದ ಹುಡುಗ ಟ್ರಿಯೆಸ್ಟ್ ಊರಿನಲ್ಲಿ ಕೂತು ಗಂಡು ಈಲಿನ ವೃಷಣ ಹುಡುಕಲು ಸುಮಾರು 400 ಈಲ್ ಕೊಯ್ದ. ಖಚಿತವಾಗಿ ಇದೇ ಅನ್ನುವುದು ಸಿಗಲಿಲ್ಲ. ಆ ಹುಡುಗ ಆಮೇಲೆ ಮನುಷ್ಯರ ಮನಸ್ಸು ಕೊಯ್ಯಲು ಹೋದ. ಸಿಗ್ಮಂಡ್ ಫ್ರಾಯ್ಡ್. ಏನಾದರೂ ಜೋಕು ಮಾಡೋಣ ಅನ್ನಿಸುತ್ತದೆ, ಬೇಡ, ಅಮ್ಮ ಇದನ್ನೆಲ್ಲ ಓದುತ್ತಾಳೆ.

ಮೀನಿನ ಹುರುಪೆಯೂ ಹಾವಿನ ಹುರುಪೆಯೂ ಒಂದೇ ಅಂತ ನಾನು ಅಂದುಕೊಂಡಿದ್ದೆ. ನಮ್ಮ ಸರ್ಕಲ್ ಹತ್ತಿರದ ಮೀನಿನ ಅಂಗಡಿಯಲ್ಲಿ ರೋಹು ತಗೊಳ್ಳುವಾಗ ನಿಂತು ನೋಡಿದೆ. ಅವನು ಬಾಲದಿಂದ ತಲೆಯ ಕಡೆಗೆ ಚಾಕು ಎಳೆದರೆ ಹುರುಪೆಗಳು ಬಿಡಿಬಿಡಿಯಾಗಿ ಹಾರುತ್ತವೆ, ಒಂದು ನನ್ನ ಕನ್ನಡಕದ ಮೇಲೇ ಕೂತಿತು. ಮೀನಿನದು ಒಂದೊಂದೂ ಬೇರೆಬೇರೆ ಬಿಲ್ಲೆ, ಮೂಳೆಯ ಜಾತಿಯದು, ಚರ್ಮದ ಒಳಪದರದಲ್ಲಿ ನಾಟಿಕೊಂಡಿರುತ್ತದೆ. ಹಾವಿನದು ಹಾಗಲ್ಲ, ಚರ್ಮದ ಮೇಲ್ಪದರವೇ ಮಡಿಕೆ ಮಡಿಕೆಯಾಗಿ ದಪ್ಪಗಾಗಿದ್ದು, ನೆರಿಗೆ ಹಿಡಿದ ಸೀರೆ ಇದ್ದ ಹಾಗೆ, ಬಿಡಿಸಿದರೆ ಒಂದೇ ಬಟ್ಟೆ. ಅದಕ್ಕೇ ಹಾವು ಪೊರೆ ಬಿಟ್ಟರೆ ಒಂದೇ ಹಾಳೆಯಾಗಿ ಬರುತ್ತದೆ. ಮೀನು ಪೊರೆ ಬಿಟ್ಟಿದ್ದನ್ನು ಯಾರಾದರೂ ನೋಡಿದ್ದೀರಾ?

ಇನ್ನು ಕೇರಳದ ಬಾವಿಗಳ ಕಥೆ. ಅಲ್ಲಿ ಅಂಗಳದ ಬಾವಿ ನೀರಿನಲ್ಲಿ ಆಗೊಮ್ಮೆ ಈಗೊಮ್ಮೆ ದಾರದಂಥ ಕೆಂಪು ಮೀನು ಬರುತ್ತದೆ. ನೆಲದಡಿಯ ನೀರಿನಲ್ಲಿ ಬದುಕುವ ಮೀನು, ಮೈಗೆ ಬಣ್ಣವಿಲ್ಲ, ಒಳಗಿನ ರಕ್ತವೇ ಹೊರಗೆ ಕಾಣುತ್ತದೆ. ಕಣ್ಣು ಹೆಸರಿಗೆ ಮಾತ್ರ. 2020ರಲ್ಲಿ ಅವುಗಳ ಕುಲಕ್ಕೆ ಇಟ್ಟ ಹೆಸರು ರಕ್ತಮಿಕ್ತಿಸ್, ರಕ್ತ ಅಂದರೆ ನಮ್ಮ ರಕ್ತವೇ. ಈಗ ಮೂರನ್ನೂ ಪಕ್ಕಪಕ್ಕ ಇಡಿ. ಬಾವಿಯ ಕೆಂಪು ಮೀನು, ಅಮ್ಮನ ತೋಟದ ಜಾರುಮೈಯದು, ನನ್ನ ಪಾಟಿನ ಹಾವು. ಮೂರೂ ಉದ್ದ, ಮೂರಕ್ಕೂ ಕಾಲಿಲ್ಲ, ಮೂರಕ್ಕೂ ಕಣ್ಣು ಕಾಣುವುದು ಅಷ್ಟಕ್ಕಷ್ಟೇ, ಮೂರೂ ನೆಲದಡಿ. ಒಂದು ಮೀನು, ಒಂದು ಉಭಯವಾಸಿ, ಒಂದು ಸರೀಸೃಪ.

ಆಫೀಸಿನಲ್ಲಿ ನನ್ನ ಕೆಲಸವೇ ಇದು. ಯಾರಾದರೂ ತೀರಿಕೊಂಡರೆ ಕ್ಲೇಮಿಗೆ ಬರುವವರು "ಮೇಡಂ, ಮುಖ ನೋಡಿ, ಅಪ್ಪನ ಪಡಿಯಚ್ಚು" ಅನ್ನುತ್ತಾರೆ. ಇರಬಹುದು. ಆದರೆ ನಾಡಕಚೇರಿಯಿಂದ ವಂಶವೃಕ್ಷ ತರಲೇಬೇಕು. ಮುಖ ನೋಡಿ ದುಡ್ಡು ಕೊಡಲಾಗುವುದಿಲ್ಲ. ಪ್ರಾಣಿಗಳನ್ನು ವಿಂಗಡಿಸುವವರೂ ಈಗ ಕೇಳುವುದು ವಂಶವೃಕ್ಷವನ್ನೇ, ಡಿ.ಎನ್.ಎ. ಮತ್ತು ಮೂಳೆ ನೋಡಿ ಯಾರು ಯಾರ ಮಕ್ಕಳು ಅಂತ. ಹಾಗೆ ನೋಡಿದಾಗ ಶಾಲೆಯಲ್ಲಿ ಕಲಿತ ಎಷ್ಟೋ ಮನೆ ಒಡೆಯುತ್ತವೆ. ಮೊಸಳೆಗೆ ಹಲ್ಲಿಗಿಂತ ಗುಬ್ಬಿ ಹತ್ತಿರದ ನೆಂಟ. ಆಫ್ರಿಕಾದ ಶ್ವಾಸಕೋಶದ ಮೀನಿಗೆ ನಾನು ತಂದ ರೋಹುವಿಗಿಂತ ನಾನೇ ಹತ್ತಿರ. ಮೀನು ಅನ್ನುವುದು ಅಂಗಡಿಯಲ್ಲಿ ಸರಿಯಾದ ಪದ, ವಂಶವೃಕ್ಷದಲ್ಲಿ ಅಂಥ ಒಂದೇ ಕೊಂಬೆ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಮಾತ್ರ ಹಾವುರಾಣಿಯ ವಿಷಯ. ಹಾವುರಾಣಿ ಗೊತ್ತಲ್ಲ, ಕಲ್ಲಿನ ಸಂದಿಯಲ್ಲಿ ಸರಕ್ ಅಂತ ಮಾಯವಾಗುವ ಹೊಳೆಯುವ ಮೈಯ ಚಿಕ್ಕ ಕಾಲಿನ ಪ್ರಾಣಿ. ಹಾವಿನ ಹಾಗೇ ನಯ, ಹೆಸರಿನಲ್ಲೇ ಹಾವು, ಅದಕ್ಕೆ ಭಾರೀ ವಿಷ ಅಂತ ನಮ್ಮೂರಲ್ಲೆಲ್ಲ ಹೆದರುತ್ತಾರೆ. ವಿಷವೇ ಇಲ್ಲ. ಹಾವುಗಳು ಹಲ್ಲಿಯ ಬಳಗದೊಳಗಿನಿಂದಲೇ ಬಂದವು, ಅದು ಸರಿ. ಆದರೆ ಆ ಬಳಗದಲ್ಲಿ ಹಾವಿಗೆ ಹತ್ತಿರದವರು ಯಾರು ಗೊತ್ತಾ? ಉಡ ಮತ್ತು ಓತಿಕ್ಯಾತ. ಬೇಲಿಯ ಮೇಲೆ ಕೂತು ತಲೆ ಆಡಿಸುವ, ಮುಳ್ಳುಮುಳ್ಳು ಬೆನ್ನಿನ, ಹಾವಿಗೆ ಒಂದು ಚೂರೂ ಹೋಲದ ಓತಿಕ್ಯಾತ! ಹಾವುರಾಣಿ ಅದಕ್ಕಿಂತ ದೂರ, ಗೋಡೆಯ ಹಲ್ಲಿ ಇನ್ನೂ ದೂರ. ರಾಣಿಗೆ ಅರಮನೆಯಲ್ಲಿ ಜಾಗವಿಲ್ಲ. ಹಾವುರಾಣಿಯ ಬಳಗದಲ್ಲೂ ಕೆಲವು ಪೂರ್ತಿ ಕಾಲು ಕಳೆದುಕೊಂಡಿವೆ. ಒಡಿಶಾದ ಚಿಲಿಕಾ ಸರೋವರದ ಬರ್ಕುಡಾ ದ್ವೀಪದಲ್ಲಿ ಅಂಥದ್ದು ಸಿಕ್ಕಿ 1917ರಲ್ಲಿ ಹೆಸರು ಪಡೆಯಿತು. ನೋಡಿದರೆ ಎರೆಹುಳು ಅನ್ನುತ್ತೀರಿ, ಬೇಕಾದರೆ ಬಾಜಿ.

ಕಾಲು ಹೋಗುವುದು ಹೇಗೆ ಅನ್ನುವುದನ್ನೂ ಓದಿದೆ. ಮಣ್ಣಿನ ಸಂದಿಯಲ್ಲಿ, ಹುಲ್ಲಿನ ನಡುವೆ ನುಸಿಯುವವರಿಗೆ ಕಾಲು ಅಡ್ಡ, ಅಷ್ಟು ಅಂದಾಜು ಮಾಡಬಹುದು. 2016ರ ಒಂದು ಪ್ರಯೋಗದಲ್ಲಿ, ಕಾಲು ಬೆಳೆಸುವ ಜೀನ್‌ಗೆ ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಡಿ.ಎನ್.ಎ. ತುಂಡೊಂದನ್ನು ಇಲಿಯಿಂದ ತೆಗೆದು ಆ ಜಾಗಕ್ಕೆ ಹಾವಿನ ತುಂಡು ಹಾಕಿದರು. ಹುಟ್ಟಿದ ಇಲಿಮರಿಗಳ ಕಾಲು ಮೊಟಕು. ಹಾವಿನ ಆ ತುಂಡಿನಲ್ಲಿ 17 ಅಕ್ಷರ ಕಾಣೆಯಾಗಿದ್ದವು, ಅವನ್ನು ಮತ್ತೆ ತುಂಬಿ ಹಾಕಿದರೆ ಕಾಲು ಬಂತು. ಹೆಬ್ಬಾವಿನ ಬಾಲದ ಬುಡದಲ್ಲಿ ಈಗಲೂ ಎರಡು ಚಿಕ್ಕ ಕೊಕ್ಕೆ ಇವೆ, ಹಿಂಗಾಲಿನ ಕುರುಹು. ಮೈ ಸಣ್ಣಗಾದಾಗ ಒಳಗಿನ ಸಾಮಾನನ್ನೂ ಜೋಡಿಸಿಡಬೇಕಲ್ಲ. ಹಾವಿನ ಮೂತ್ರಪಿಂಡಗಳು ಪಕ್ಕಪಕ್ಕ ಇಲ್ಲ, ಒಂದರ ಹಿಂದೆ ಒಂದು. ಎಡ ಶ್ವಾಸಕೋಶ ಇಲ್ಲವೇ ಇಲ್ಲ ಅನ್ನುವಷ್ಟು ಚಿಕ್ಕದು, ಬಲದ್ದು ಉದ್ದ. ಅಮ್ಮನ ತೋಟದ ಬಳಗದಲ್ಲೂ ಎಡದ್ದೇ ಚಿಕ್ಕದು. ಬೇರೆಬೇರೆ ವಂಶ, ಆದರೆ ಒಂದೇ ಥರದ ಸಿಂಗಲ್ ಬೆಡ್‌ರೂಮ್ ಮನೆ, ಬೀರು ಇಡುವ ಜಾಗವೂ ಒಂದೇ ಆಗಿಬಿಡುತ್ತದೆ.

ಉಲ್ಟಾ ಕಥೆಯೂ ಇದೆ, ನೋಡಲು ಒಂದೇ ಥರ, ವಂಶ ನೋಡಿದರೆ ಬೇರೆ ಜಾತಿ. 2020ರಲ್ಲಿ ನಮ್ಮ ರಾಜಾನುಕುಂಟೆ ಕಡೆಯ ಬರಡು ನೆಲದಲ್ಲಿ ಸಿಕ್ಕ ಬಿಲ ತೋಡುವ ಕಪ್ಪೆಗೆ ಸ್ಫೇರೋಥೀಕಾ ಬೆಂಗಳೂರು ಅಂತ ಹೆಸರಿಟ್ಟರು. ಮೈಯ ಅಳತೆಯ ಜೊತೆ ಡಿ.ಎನ್.ಎ. ಕೂಡ ನೋಡಿ ಇದು ಬೇರೆಯೇ ಅಂದರು. ಲೇಔಟ್ ಬರುವ ಮೊದಲು ಹೆಸರಾದರೂ ಬಂತು.

ಮೊದಲಿನವರಿಗೆ ಆ ಅನುಕೂಲ ಇರಲಿಲ್ಲ. ಇದೇ ಊರಿನ ಸೆಂಟ್ರಲ್ ಕಾಲೇಜಿನಲ್ಲಿ ಸಿ.ಆರ್. ನಾರಾಯಣ ರಾವ್ ಅಂತ ಪ್ರಾಣಿಶಾಸ್ತ್ರದ ಮೇಷ್ಟ್ರಿದ್ದರು. ಘಟ್ಟದ ಕಪ್ಪೆಗಳನ್ನು ಜಾಡಿಯಲ್ಲಿಟ್ಟು, ಬೆರಳು, ಹಲ್ಲು, ಚರ್ಮದ ಮಡಿಕೆ ನೋಡಿ ಎಷ್ಟೋ ಹೊಸ ಜಾತಿ ವಿವರಿಸಿದರು. ಆ ಮಾದರಿಗಳು ಈಗ ಇಲ್ಲ, ಕಳೆದುಹೋಗಿವೆ. ಮೂಲ ದಾಖಲೆ ಇಲ್ಲದ ಫೈಲು ಎಷ್ಟು ಹಿಂಸೆ ಅಂತ ನನ್ನನ್ನು ಕೇಳಿ. ಅವರು 1920ರಲ್ಲಿ ವಿವರಿಸಿದ ಕೊಡಗಿನ ಒಂದು ಇರುಳು ಕಪ್ಪೆ ಮತ್ತೆ ಕಂಡಿದ್ದು 91 ವರ್ಷ ಆದಮೇಲೆ. ಈಗ ಘಟ್ಟದ ಪೊದೆಕಪ್ಪೆಗಳ ಒಂದು ಕುಲದ ಹೆಸರಿನಲ್ಲೇ ರಾವ್ ಇದ್ದಾರೆ, ರಾವೋರ್ಕೆಸ್ಟಿಸ್ ಅಂತ.

ನಮ್ಮ ಹಾವಿನ ವಿಷಯಕ್ಕೆ ಬರುತ್ತೇನೆ. ಅದನ್ನು ಅವತ್ತೇ ಅದೇ ಮಣ್ಣಿಗೆ ಬಿಟ್ಟೆ. ಹೊಸ ಮಣ್ಣು ಹಾಕುವ ಕೆಲಸ ಅಲ್ಲಿಗೇ ನಿಂತಿತು, ಯಾವ ಪಾಟಿನಲ್ಲಿ ಏನಿದೆಯೋ ಅಂತ. ಆ ದೊಡ್ಡಪತ್ರೆ ಪಾಟು ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಲಾಲ್‌ಬಾಗ್ ಗೇಟಿನ ಹೊರಗೆ ಚೌಕಾಸಿ ಮಾಡಿ ತಂದಿದ್ದು. ಗಾಡಿಯವನು ಎಪ್ಪತ್ತಕ್ಕೆ ಇಳಿದಾಗ ಒಳಗೆ ಹಾವು ಫ್ರೀ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

(ನಡುವೆ ಒಂದು ಮಾತು: ನನ್ನ ಹಾಗೆ ಕೈಯಲ್ಲಿ ಎತ್ತಬೇಡಿ. ನಮ್ಮ ಊರಿನಲ್ಲಿ ನಾಗರಹಾವು, ಕೊಳಕುಮಂಡಲ, ಕಟ್ಟುಹಾವು ಮೂರೂ ಇವೆ, ಮರಿಗಳಿಗೂ ವಿಷ ಇರುತ್ತದೆ. ರೀಫಿಲ್ಲಿಗಿಂತ ದಪ್ಪ ಇದ್ದರೆ ಹಿಂದೆ ಸರಿದು ಹಾವು ಹಿಡಿಯುವವರಿಗೆ ಫೋನ್ ಮಾಡಿ. ರೀಫಿಲ್ಲಿನಷ್ಟೇ ಇದ್ದರೂ ಮರದ ಕಡ್ಡಿ ಬಳಸಿ.)

ಅಕ್ಕ ಈಗ ದಿನಾ ಬಟ್ಟೆ ಒಣಹಾಕುವ ಮುಂಚೆ "ನಿಮ್ಮ ಎರೆಹುಳು ಹೆಂಗಿದೆ ಅಕ್ಕಾ?" ಅಂತ ಕೇಳಿ ನಗುತ್ತಾಳೆ. ಹದಿನೈದು ದಿನದಿಂದ ಅದು ಕಂಡಿಲ್ಲ. ಹೋದ ವಾರ ತಂಗಿ ಮೈಸೂರಿನಿಂದ ಬಂದಿದ್ದಳು, ಮಗುವಿಗೆ ಕೆಮ್ಮು, ದೊಡ್ಡಪತ್ರೆ ಬೇಕು ಅಂದಳು. ಎಲೆ ಕಿತ್ತು ಕೊಡೋಣ ಅಂದುಕೊಳ್ಳುವಷ್ಟರಲ್ಲಿ ಪಾಟನ್ನೇ ಎತ್ತಿ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡಳು. ಹೇಳೋಣ ಅಂತ ಬಾಯಿ ತೆರೆದೆ. ಅವಳು ಹಲ್ಲಿ ಕಂಡರೆ ಸೋಫಾ ಹತ್ತುವವಳು. ಸುಮ್ನೆ ಕೈ ಬೀಸಿದೆ.